ಜೂನ್ ಒಂದು

ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ
ಲೈನ್‌ಮನೆ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೆ.
ಪಾಲಿಬೆಟ್ಟದ ಸುತ್ತ ಎಷ್ಟು ತೋಟವೋ ಅಷ್ಟೂ ಕಡೆ
ಒಂದೇ ರಾತ್ರಿ ಹೆರಿಗೆ ಆದ ಹಾಗೆ.
ಬರೆದವಳು ನಾನೇ. ಜನನ ಪತ್ರ ಇಲ್ಲವೆಂದರೆ
ಬಲಗೈ ನೆತ್ತಿ ಹಾದು ಎಡಗಿವಿ ಮುಟ್ಟಿತೋ,
ಆರು ವರ್ಷ.
ಮುಟ್ಟದಿದ್ದರೂ ಒಮ್ಮೊಮ್ಮೆ, ಆರು.

ಶನಿವಾರ ವಿರಾಜಪೇಟೆಯಿಂದ ಮಹಿಳಾ ಎಸ್ಸೈ ಬಂದು
ಹೊಸ ನಿಯಮ ಓದಿ ಹೇಳಿದರು:
ಹದಿನೆಂಟು ತುಂಬದವರ ಖಾತೆಗೆ ಪೋಷಕರ ಒಪ್ಪಿಗೆ,
ಮಕ್ಕಳನ್ನು ಕಾಡುವವನಿಗೆ ಜೈಲು.
ಮಕ್ಕಳು ಚಪ್ಪಾಳೆ ತಟ್ಟಿದರು,
ಕಾನೂನಿಗೋ, ಆಮೇಲೆ ಕೊಡುವ ಬಿಸ್ಕತ್ತಿಗೋ.

ರಮಣಿ ತಟ್ಟಲಿಲ್ಲ.
ಊಟದ ಬೆಲ್ಲಾದ ಮೇಲೆ ಫೋನು ತಂದಳು, ಅಪ್ಪನದು,
ಒಡೆದ ಮೂಲೆಗೆ ರಬ್ಬರ್ ಬ್ಯಾಂಡ್ ಸುತ್ತಿದ್ದು.
ಯಾರೋ ‘ಅಣ್ಣ’. ಮುಖದ ಜಾಗದಲ್ಲಿ ಒಂದು ಬೈಕು.
ಫೋಟೊ ಕಳಿಸು. ಇನ್ನೊಂದು. ಟೀಚರಿಗೆ ಹೇಳಿದರೆ ನೋಡು.

‘ವಯಸ್ಸು ಎಷ್ಟು ಅಂತ ಹಾಕಿದ್ದೆ?’
‘ಹದಿನೆಂಟು. ಇಲ್ಲದಿದ್ದರೆ ಒಳಗೇ ಬಿಡೋದಿಲ್ಲ ಟೀಚರ್.’
ಸುಳ್ಳು ಹೇಳಿದೆಯಾ ಎಂದು ಬೈಯಲು ಬಾಯಿ ತೆರೆದೆ.
ಮೇಜಿನ ಮೇಲೆ ಪುಸ್ತಕವೂ ತೆರೆದಿತ್ತು.

ಒಪ್ಪಿಗೆ ಕೊಡಬೇಕಾದವನು ಬೊಳ್ಳ.
ಕಾಫಿ ಕುಯ್ದು ಕುಯ್ದು ಹೆಬ್ಬೆಟ್ಟಿನ ಗೆರೆ ಸವೆದು
ರೇಷನ್ ಯಂತ್ರವೇ ಅವನನ್ನು ಒಪ್ಪುವುದಿಲ್ಲ,
ಫೋನು ಒಪ್ಪೀತೆ?
ಅದು ತೆರೆಯುವುದು ಮಗಳ ಬೆರಳಿಗೆ ಮಾತ್ರ.

ಸಂಜೆ ದೂರು ಬರೆಯಲು ಕೂತೆವು, ನಾಲ್ಕೂ ಜನ.
ವಯಸ್ಸು ಎಂಬ ಚೌಕದ ಹತ್ತಿರ ಪೆನ್ನು ನಿಂತಿತು.
ತಾಯಿ ಚೋಮಿ ಬಾಗಿಲ ಹೊರಗಿಂದಲೇ ಅಂದಳು:
‘ಆನೆ ನಮ್ಮ ಲೈನಿನ ಹಲಸಿನ ಮರ ಬೀಳಿಸಿದ ವರ್ಷ.
ಹೂಮಳೆ ಬಿದ್ದ ಒಂಬತ್ತನೇ ದಿನ.
ತೋಟವೆಲ್ಲ ಬೆಳ್ಳಗೆ, ಆ ವಾಸನೆಗೆ ನನಗೆ ವಾಂತಿ.’

ಬೆರಳೆಣಿಸಿದೆ. ಹನ್ನೆರಡು.
ನಾನು ಸೇರಿಸಿದ್ದು ಒಂದು, ಅವಳು ಐದು.
ಮೊದಲ ಮೆಟ್ಟಿಲು ನನ್ನದೇ, ಉಳಿದದ್ದನ್ನು ಅವಳು ಹತ್ತಿದಳು.

ರಮಣಿಗೆ ದೂರಿನ ನೆನಪೇ ಹೋಗಿತ್ತು.
‘ಹಾಗಾದರೆ ನಂದು ಜೂನ್ ಅಲ್ಲವಾ?
ಹೂವಿನ ದಿನವಾ?’
ಎರಡೆರಡು ಸಲ ಕೇಳಿದಳು, ಅಮ್ಮನನ್ನು, ನನ್ನನ್ನು.

ಫೋನಿನಲ್ಲಿ ಎಸ್ಸೈ: ‘ಹುಟ್ಟಿದ ದಿನಾಂಕ ಹೇಳಿ ಮೇಡಂ.’
ಪುಸ್ತಕದಲ್ಲಿ ಒಂದಿದೆ, ಅಂದೆ. ಅದು ನಾನು ಹಾಕಿದ್ದು.
ಅದನ್ನೂ ಬರೆದುಕೊಳ್ಳಿ, ನನ್ನ ಹೆಸರಿನ ಎದುರು.
ಅವಳದಕ್ಕೆ ಈಗ ‘ಮಗು’ ಅಂತ ಹಾಕಿ,
ಸ್ವಲ್ಪ ಜಾಗ ಬಿಡಿ.
ಆ ವರ್ಷ ಮಳೆ ಯಾವತ್ತು ಬಿತ್ತೆಂದು
ತೋಟದ ರೈಟರನ್ನು ಕೇಳಿ ಹೇಳುತ್ತೇನೆ.