ಮೇಲಿನ ಮನೆಯ ನೀರು

ಮೇ ತಿಂಗಳು. ಡೊಂಬಿವಲಿಯಲ್ಲಿ ನಲ್ಲಿಗೆ
ಬೆಳಗ್ಗೆ ಐದೂವರೆಯಿಂದ ಆರೂಕಾಲರವರೆಗೆ ಮಾತ್ರ ಜೀವ.
ಶುಕ್ರವಾರ ಅದೂ ಇಲ್ಲ.
ಅಂಥ ಒಂದು ಶುಕ್ರವಾರ ನಡುರಾತ್ರಿ
ದಿಂಬಿನ ಮೇಲೆ, ಸರಿಯಾಗಿ ಎಡಗಿವಿಯ ಪಕ್ಕ,
ಟಪ್.

ಹಲ್ಲಿ ಎಂದುಕೊಂಡೆ.
ಹಲ್ಲಿಯಾದರೆ ಪಂಚಾಂಗ ತೆಗೆದು ಫಲ ನೋಡಬಹುದಿತ್ತು.
ನೀರು ಬಿದ್ದರೆ ಯಾವ ಪುಟ?

ಕ್ರೆಡಿಟ್ ಸೊಸೈಟಿಯಲ್ಲಿ ಇಪ್ಪತ್ತಾರು ವರ್ಷ ಕ್ಯಾಶಿಯರ್ ನಾನು,
ಬಿದ್ದದ್ದನ್ನು ಎಣಿಸದೆ ಬಿಟ್ಟು ಗೊತ್ತಿಲ್ಲ.
ನಿಮಿಷಕ್ಕೆ ಹದಿನೇಳು.
ಎರಡು ಗಂಟೆಗೆ ಶುರು, ಮೂರಕ್ಕೆ ಇಳಿತ,
ಆಮೇಲೆ ಬೆಳಗಾಗುವವರೆಗೆ ಚಿಲ್ಲರೆ.
ನಮ್ಮ ಕೌಂಟರಿನ ಹಿಂದೆ, ಪಿಗ್ಮಿ ಕಟ್ಟುವವರಿಗಾಗಿ
ದೊಡ್ಡಕ್ಷರದಲ್ಲಿ ಬರೆಸಿದ್ದಾರೆ: ಹನಿಗೂಡಿದರೆ ಹಳ್ಳ.
ಬಕೆಟ್ಟು ಎಂದು ಯಾರೂ ಹೇಳಿರಲಿಲ್ಲ.

ಇವರು ಸ್ಟೂಲು ಹತ್ತಿ ಎಂ-ಸೀಲು ಮೆತ್ತಿದರು.
ನೀರು ಒಂದು ಗೇಣು ಸರಿದು
ಫ್ಯಾನಿನ ಬುಡದಿಂದ ಇಳಿಯಿತು.
ಸೆಕ್ರೆಟರಿ ಲಿಮಯೆ ನಿಯಮದ ಪುಸ್ತಕಕ್ಕೆ ಬೆರಳಿಟ್ಟು ಹೇಳಿದರು:
ತಾರಸಿಯಿಂದ ಬಂದರೆ ಸೊಸೈಟಿಯದು,
ಬಾತ್‌ರೂಮಿನಿಂದ ಬಂದರೆ ನೀವುನೀವೇ.

ನಾವುನಾವು ಮಾತು ಬಿಟ್ಟು ಒಂಬತ್ತು ವರ್ಷ.
ನನ್ನ ಹಲಸಿನ ಹಪ್ಪಳದ ಮೇಲೆ
ಶೈಲಾತಾಯಿಯ ನೌವಾರಿ ತೊಟ್ಟಿಕ್ಕಿತು, ನಾನು ಕೂಗಿದೆ, ಅವಳೂ.
ಅಂದಿನಿಂದ ಲಿಫ್ಟಿನಲ್ಲಿ ಎದುರಾದರೆ
ಇಬ್ಬರೂ ಮಹಡಿಯ ಅಂಕಿ ನೋಡುತ್ತೇವೆ.
ಈಚೆಗೆ ಎದುರಾಗಿರಲಿಲ್ಲ. ಎಷ್ಟು ದಿನದಿಂದ?
ಅದನ್ನು ಎಣಿಸಿರಲಿಲ್ಲ.

ಮುಂದಿನ ಶುಕ್ರವಾರ, ರಾತ್ರಿ ಎರಡೂಕಾಲು,
ಸಾಕ್ಷಿಗಿರಲಿ ಎಂದು ನೀಲಿ ಬಕೆಟ್ಟನ್ನೇ ಹೊತ್ತು
ಮೆಟ್ಟಿಲು ಹತ್ತಿದೆ. ಡೆಟ್ಟಾಲಿನ ವಾಸನೆ ಕಾಲಿಗೆ ತುಳುಕುತ್ತಿತ್ತು.
ಬಾಯಲ್ಲಿ ಮರಾಠಿ ವಾಕ್ಯ ಮೂರು, ತಪ್ಪಿಲ್ಲದಂತೆ ಜೋಡಿಸಿಕೊಂಡಿದ್ದೆ.

ಬಾಗಿಲು ತೆರೆದ ಸದಾನಂದ ಮಾಲ್ವಣಕರ,
ಪಾಯಿಜಾಮ ಮೊಣಕಾಲಿಗೆ, ಮೊಣಕೈವರೆಗೆ ನೊರೆ,
ಹಿಂದೆ ಬಾತ್‌ರೂಮಿನಲ್ಲಿ ಅರ್ಧ ಒಗೆದ ಚಾದರ.
ಬಕೆಟ್ಟು ನೋಡಿದ. ನನ್ನನ್ನು ನೋಡಿದ.
‘ನೀರು ತಂದಿರಾ,’ ಎಂದು
ಎರಡೂ ಕೈಯಲ್ಲಿ ಇಸಿದುಕೊಂಡ.

ಡ್ರಮ್ಮು ಬರಿದಾಗಿತ್ತಂತೆ.
ಹಗಲು ಒಗೆದು ಒಣಹಾಕಿದರೆ
ಎದುರಿನ ವಿಂಗಿನವರು ಎಣಿಸುತ್ತಾರಂತೆ, ದಿನಕ್ಕೆ ಎಷ್ಟು ಚಾದರ ಎಂದು.
ಎಣಿಸುವವರ ಸುದ್ದಿಗೆ ನಾನು ತಲೆ ತಗ್ಗಿಸಿದೆ.

ಒಳಗೆ ಮಂಚದ ಮೇಲಿಂದ ಶೈಲಾತಾಯಿ,
ಕೂದಲು ಕತ್ತರಿಸಿದ ತಲೆ, ಮಗುವಿನಷ್ಟು ಚಿಕ್ಕದು,
ನನ್ನ ಹೆಸರು ಮರೆತವಳು, ಗಂಡನದೂ ಮರೆತವಳು,
ಕೇಳಿದಳು:
‘ಹಪ್ಪಳ ಒಣಗಿದವೇನೇ?’

ಒಣಗಿದವು, ಎಂದೆ. ಕನ್ನಡದಲ್ಲಿ.
ಜೋಡಿಸಿದ್ದ ಮೂರು ವಾಕ್ಯ ಎಲ್ಲಿ ಬಿದ್ದವೋ.

ಪ್ಲಂಬರು ಕೇಂದ್ರಾಪಾಡಾದವನು, ಬಿಚಿತ್ರ ಎಂದೇ ಹೆಸರು.
ಟೈಲ್ಸ್ ಒಡೆದು, ಕಿವಿಯಿಟ್ಟು, ಮತ್ತೂ ಒಡೆದು,
‘ನೀರು ಬಿದ್ದಲ್ಲಿ ಹುಟ್ಟುವುದಿಲ್ಲ ಅಮ್ಮಾ,
ನಡೆದು ಬಂದಿರುತ್ತದೆ,’ ಎಂದ.
ಬಾತ್‌ರೂಮಿನ ಮೂಲೆಯ ಕೊಳವೆ ನಾಲ್ಕು ಕಡೆ ತೂತು.
ಅವನು ಸಿಮೆಂಟು ಒಣಗಲು ಬಿಟ್ಟ ಮೂರು ದಿನ
ಅವಳ ಸ್ನಾನ ನಮ್ಮ ಮನೆಯಲ್ಲಿ.
ಬೆನ್ನು ಉಜ್ಜುವಾಗ ಒಮ್ಮೆ ಬೈದಳು, ಚೆನ್ನಾಗಿಯೇ ಬೈದಳು,
ಒಂಬತ್ತು ವರ್ಷದ ಹಿಂದಿನ ಗಂಟಲಿನಲ್ಲಿ.
ನನಗೂ ನಗು ತಡೆಯಲಿಲ್ಲ.

ನಾಲ್ಕು ಸಾವಿರದ ಆರುನೂರು, ಅರ್ಧರ್ಧ.
ಸೂರಿನ ಕಲೆಗೆ ಇನ್ನೂ ಬಣ್ಣ ಬಳಿಸಿಲ್ಲ,
ದೀಪಾವಳಿಗೆ ಎನ್ನುತ್ತಾರೆ ಇವರು.

ಎರಡು ಗಂಟೆಗೆ ಈಗಲೂ ಎಚ್ಚರ.
ದಿಂಬು ಒಣಗಿದೆ, ಎಣಿಸಲು ಏನೂ ಇಲ್ಲ.
ಕಿವಿ ಮೇಲಕ್ಕಿಟ್ಟು ಮಲಗಿರುತ್ತೇನೆ.
ಬಕೆಟ್ಟನ್ನು ನೆಲಕ್ಕೆ ಎಳೆದ ಸದ್ದು
(ನನ್ನದೇ, ನೀಲಿ, ವಾಪಸು ಕೇಳಿಲ್ಲ)
ಕೇಳಿಸಿದ ಮೇಲೆ
ಮಗ್ಗುಲಾಗುತ್ತೇನೆ.