ದೇವೀರಮ್ಮನವರ ಹೆಸರಿನಲ್ಲಿ

ರಾತ್ರಿ ಎರಡೂ ಹತ್ತಕ್ಕೆ ಪರದೆ ತುಂಬ ಕೆಂಪು.
ಮುನ್ನೂರ ಹನ್ನೆರಡು ಯಂತ್ರಕ್ಕೆ ಮುನ್ನೂರ ಹನ್ನೆರಡು ಬೊಟ್ಟು.
ಸತ್ತಿವೆ ಅಂತಲ್ಲ. ಸುದ್ದಿಯಿಲ್ಲ ಅಂತ.
ಎರಡಕ್ಕೂ ಒಂದೇ ಬಣ್ಣ ಕೊಟ್ಟವನು ಯಾರೋ,
ಅವನು ರಾತ್ರಿ ಪಾಳಿ ಮಾಡಿರಲಿಕ್ಕಿಲ್ಲ.

ಚಾಮರಾಜಪೇಟೆ, ಸಹಕಾರಿ ಬ್ಯಾಂಕಿನ ನೆಲಮಾಳಿಗೆ.
ಹದಿನೆಂಟು ಡಿಗ್ರಿ ಚಳಿ, ನನ್ನ ಮಂಕಿ ಟೋಪಿ,
ಮೇಲೆ ರಸ್ತೆಯಲ್ಲಿ ಕಸದ ಲಾರಿ ಹಿಂದಕ್ಕೆ ಬರುವ ಸದ್ದು.
ಇಲ್ಲಿ ನಿಜಕ್ಕೂ ಇರುವುದು ಒಂಬತ್ತೇ ಪೆಟ್ಟಿಗೆ.
ಅದೊಂದು ವಠಾರ. ಉಳಿದವರೆಲ್ಲ ಬಾಡಿಗೆಯವರು,
ನಡುವಿನ ಗೋಡೆ ಬರೀ ನಂಬಿಕೆಯದು.
ಲೆಕ್ಕವೆಲ್ಲ ವಠಾರದ ಯಜಮಾನ ಸರ್ವರಿನ ಹತ್ತಿರ.
ಐದು ನಿಮಿಷಕ್ಕೊಮ್ಮೆ ಅದರ ಬಾಗಿಲಿಗೆ ಹೋಗಿ
‘ಎಲ್ಲರೂ ಆರಾಮಾ?’ ಅಂತ ಕೇಳಿ ಬರುವುದು
ನಮ್ಮ ಕಾವಲು ತಂತ್ರಾಂಶದ ಕೆಲಸ.
ಇವತ್ತು ಹೋದದ್ದು ಬರಿಗೈಲಿ ವಾಪಸು.

ಮೊದಲು ಕೂಗಿ ನೋಡಿದೆ, ಪಿಂಗ್ ಎಂದು.
‘ಓ’ ಅಂದಿತು, ಒಂದು ಮಿಲಿಸೆಕೆಂಡೂ ತಡಮಾಡದೆ.
ಹೆಸರು ಹೇಳಿದರೆ ಡಿಎನ್‌ಎಸ್ ಸರಿಯಾದ ವಿಳಾಸವನ್ನೇ ತೋರಿಸುತ್ತಿದೆ.
ನಾನೂರ ನಲವತ್ಮೂರನೇ ಬಾಗಿಲು ತೆರೆದೇ ಇದೆ.
ಸರ್ಟಿಫಿಕೇಟಿಗೆ ಇನ್ನೂ ಮಾರ್ಚ್‌ವರೆಗೆ ಆಯುಸ್ಸು.
ಎರಡೂ ಕಡೆಯ ಗಡಿಯಾರ ಪಕ್ಕಪಕ್ಕ ಇಟ್ಟು ನೋಡಿದೆ,
ಹಳೇ ದಂಪತಿಯ ಹಾಗೆ ಹೆಜ್ಜೆ ತಪ್ಪದೆ ನಡೆಯುತ್ತಿವೆ.

ಫೈರ್‌ವಾಲಿನ ಇರ್ಷಾದನನ್ನು ಎಬ್ಬಿಸಿದೆ.
‘ನಾವೇನೂ ಮುಟ್ಟಿಲ್ಲ ಸಾರ್.’
ನಾನಿನ್ನೂ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಸರ್ವಿಸು ನಿಲ್ಲಿಸಿ ಮತ್ತೆ ಎಬ್ಬಿಸಿದೆ,
ಅದು ನಮ್ಮ ಕಸುಬಿನ ನಿಂಬೆಹಣ್ಣು ಮೆಣಸಿನಕಾಯಿ.
ಕೆಂಪು ಕೆಂಪಾಗೇ ಇತ್ತು.

ಕೊನೆಗೆ ಲಾಗ್ ಬಿಚ್ಚಿದೆ. ಮೊದಲೇ ಬಿಚ್ಚಬೇಕಿತ್ತು, ಗೊತ್ತು.
ಯಾರೂ ಮೊದಲೇ ಬಿಚ್ಚುವುದಿಲ್ಲ.
ಐದೈದು ನಿಮಿಷಕ್ಕೆ ಒಂದು ಸಾಲು, ಅದೇ ಸಾಲು:
ಪ್ರವೇಶ ನಿರಾಕರಿಸಲಾಗಿದೆ. ಬಳಕೆದಾರರು: ಎಂ. ದೇವೀರಮ್ಮ.

ನಿನ್ನೆ ಸಂಜೆ ಅವರ ಬೀಳ್ಕೊಡುಗೆ.
ಹೆಂಗಸರಿಗೆ ಮೈಸೂರು ಪೇಟ ತೊಡಿಸಬಹುದೋ ಬಾರದೋ ಎಂದು
ಜನರಲ್ ಮ್ಯಾನೇಜರು ಒದ್ದಾಡಿ, ಕೊನೆಗೆ ಕೈಗೇ ಕೊಟ್ಟರು.
ಖಾರಾಬೂಂದಿ, ಬಾದುಷಾ, ಫಲಕದ ಮೇಲೆ ಒಂದಕ್ಷರ ತಪ್ಪು.
ನಡುರಾತ್ರಿ ಹನ್ನೆರಡಕ್ಕೆ, ನಿಯಮದಂತೆ,
ಅವರ ಹೆಸರಿಗೆ ಬೀಗ ಬಿತ್ತು.
ಹಳೇ ಸೆಷನ್ನು ಎರಡು ಗಂಟೆ ಉಸಿರು ಬಿಗಿಹಿಡಿದಿದ್ದು
ಆಮೇಲೆ ಬಿಟ್ಟಿತು.

ಒಂಬತ್ತು ವರ್ಷದ ಹಿಂದೆ, ಇದನ್ನೆಲ್ಲ ಅವಸರದಲ್ಲಿ ಹೂಡುವಾಗ,
‘ಸದ್ಯಕ್ಕೆ ನನ್ನ ಹೆಸರೇ ಹಾಕಿರಿ’ ಅಂದಿದ್ದರಂತೆ.
ಸದ್ಯಕ್ಕೆ ಅಂದದ್ದು ಈ ಊರಿನಲ್ಲಿ
ಮೆಟ್ರೋ ಕಂಬಕ್ಕಿಂತ ಗಟ್ಟಿ.

ಅವರು ಮಲಗಿದ ರಾತ್ರಿಗಳಲ್ಲಿ,
ಮಂಡಿ ಆಪರೇಷನ್ನಿನ ಇಪ್ಪತ್ತು ದಿನ,
ತಂಗಿ ಮಗನ ಮದುವೆಯಲ್ಲಿ ಹೋಳಿಗೆಗೆ ತುಪ್ಪ ಬಡಿಸುವಾಗ,
ಅವರಿಗೇ ತಿಳಿಯದೆ ಅವರ ಹೆಸರು
ಇಲ್ಲಿ ಒಬ್ಬೊಬ್ಬರ ಯೋಗಕ್ಷೇಮ ಕೇಳುತ್ತಿತ್ತು:
ಬಿಸಿ ಎಷ್ಟಿದೆ, ಭಾರ ಎಷ್ಟಿದೆ, ಜಾಗ ಸಾಲುತ್ತಾ.

ಹೊಸ ಖಾತೆ ತೆರೆದೆ. ಮನುಷ್ಯರ ಹೆಸರು ಇಡಬಾರದಂತೆ.
‘ಕಾವಲು ಸೊನ್ನೆ ಒಂದು’ ಎಂದು ಬರೆದೆ.
ಗುಪ್ತಪದ ಇಪ್ಪತ್ನಾಲ್ಕು ಅಕ್ಷರ, ಯಾವುದಕ್ಕೂ ಅರ್ಥವಿಲ್ಲ.
ಅಧಿಕಾರ: ನೋಡಬಹುದು, ಮುಟ್ಟುವಂತಿಲ್ಲ.
ಮೂರೂ ನಲವತ್ತಕ್ಕೆ ಮೊದಲ ಹಸಿರು,
ಆಮೇಲೆ ಗುಂಪುಗುಂಪಾಗಿ.
ಗ್ರಾಫಿನಲ್ಲಿ ಮಾತ್ರ ಒಂದೂವರೆ ಗಂಟೆ ಅಗಲದ ಬಿಳಿ.
ಅಷ್ಟು ಹೊತ್ತು ಏನಾಯಿತು ಅಂತ ಕೇಳಬೇಡಿ,
ನೋಡುವವರು ಇರಲಿಲ್ಲ.

ಆರೂವರೆಗೆ ಫೋನ್ ಮಾಡಿದೆ. ಶ್ರೀನಗರದ ಪಾರ್ಕಿನಲ್ಲಿದ್ದರು,
ಹಿಂದೆ ನಗೆಕೂಟದವರ ಹಹಹಾ.
ನಡೆದದ್ದೆಲ್ಲ ಹೇಳಿದೆ. ಅವರೂ ನಕ್ಕರು.
ಆಮೇಲೆ ಮಾತಿಲ್ಲ, ಚಪ್ಪಲಿಯ ಸದ್ದಷ್ಟೇ.
‘ಅಲ್ಲಪ್ಪಾ,
ಬ್ಯಾಕಪ್ಪೂ ನನ್ನ ಹೆಸರಲ್ಲೇ ಇತ್ತಲ್ಲ,
ನೋಡಿದ್ಯಾ?’