ಗಾಡಿಯ ತೂಕ

ಸಕ್ಕರೆ ಕಾರ್ಖಾನೆಯ ತೂಕದ ಚೀಟಿಯ ಬೆನ್ನಿಗೆ
ಅಡ್ಡ ನಾಲ್ಕು ಗೆರೆ, ಉದ್ದ ಐದು.
ಫೀಜಿಗೆ ಮೂವತ್ತು, ಲ್ಯಾಬಿಗೆ ಇಪ್ಪತ್ತೈದು,
ಹಾಸ್ಟೆಲ್ಲಿಗೆ, ಬಸ್ಸಿಗೆ ಉಳಿದದ್ದು ಹಂಚಿ,
ಗುಣಿಸಿ, ಕೂಡಿ, ಮತ್ತೆ ಕೂಡಿ
ಮೈಸೂರಿನದು ಎಪ್ಪತ್ತೆಂಟು,
ಮಂಡ್ಯದ್ದು ಎಪ್ಪತ್ತೊಂದು.

ವೇಬ್ರಿಡ್ಜಿನ ರಾತ್ರಿಪಾಳಿ ಮುಗಿಸಿ ಬಂದ ಅಪ್ಪ
ಕನ್ನಡಕವಿಲ್ಲದೆ ಚೀಟಿ ದೂರ ಹಿಡಿದು
"ಗಾಡಿ ತೂಕ ಕಳ್ದಿದ್ದೀಯೇನವ್ವ?"

ಯಾವ ಗಾಡಿ?

"ಕಬ್ಬಿನ ಜೊತೆ ಗಾಡೀನೂ ತೂಗ್ತದೆ.
ಇಳಿಸಿದ್ಮೇಲೆ ಬರಿಗಾಡಿ ತಿರುಗಾ ಹತ್ಬೇಕು."

ಮತ್ತೆ ಕೂತೆ.
ಮೈಸೂರಿನದರಿಂದ
ದೇವಿಕಾ ಅಲ್ಲಿಗೇ ಸೇರುತ್ತಾಳೆಂಬುದನ್ನು ಕಳೆದೆ,
ಚಿಕ್ಕಮ್ಮನ ಹೊಗಳಿಕೆಯನ್ನೂ.
ಮಂಡ್ಯದ್ದರಿಂದ
ಅಪ್ಪನ ಈ ಕೆಮ್ಮು ಕಳೆಯಹೋದರೆ
ಪೆನ್ನು ನಿಂತಿತು.
ಇದು ಗಾಡಿಯೋ, ಕಬ್ಬೋ
ಕೇಳೋಣವೆಂದರೆ
ಅವನಿಗಾಗಲೇ ನಿದ್ದೆ.